ಕೋಲಾರ ಚಿನ್ನದ ಗಣಿ ಪ್ರದೇಶದ ಕಾರ್ಮಿಕ ಸಂಬಂಧಗಳು

ಕೋಲಾರ ಜಿಲ್ಲೆಯ ಬಂಗಾರಪೇಟೆ ಸೀಮೆಯಲ್ಲಿ 1880ರಿಂದ 2001ರ ಫೆಬ್ರವರಿ 28ರವರೆಗೆ ನಡೆದ ಚಿನ್ನದ ಗಣಿಗಾರಿಕೆ ಕರ್ನಾಟಕದ ಆಧುನಿಕ ಕಾರ್ಮಿಕ ಇತಿಹಾಸದ ಮೊದಲ ದೊಡ್ಡ ಅಧ್ಯಾಯ. ಬೆಂಗಳೂರಿನ ಬಟ್ಟೆ ಗಿರಣಿಗಳು, ಭದ್ರಾವತಿಯ ಉಕ್ಕಿನ ಕಾರ್ಖಾನೆ, ಆಮೇಲೆ ಬಂದ ಸಾರ್ವಜನಿಕ ಉದ್ದಿಮೆಗಳು ಎದುರಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಲ್ಲಿ ಮೊದಲೇ ಎದ್ದಿದ್ದವು. ಈ ಗಣಿಗಳಿಂದ ಒಟ್ಟು ಸುಮಾರು 800 ಟನ್ ಚಿನ್ನ ಹೊರಬಂತು ಎನ್ನುತ್ತಾರೆ. ಅದನ್ನು ತೆಗೆದವರನ್ನು ಕೆಲಸಕ್ಕೆ ಕರೆತಂದ ಬಗೆ, ಅವರ ಲೆಕ್ಕ ಇಟ್ಟ ಬಗೆ, ತಪಾಸಣೆ, ಬಟವಾಡೆ, ಕೊನೆಗೆ ಮನೆಗೆ ಕಳಿಸಿದ ರೀತಿ ಈ ಲೇಖನದ ವಿಷಯ. ಇತಿಹಾಸದ ಉದ್ದಕ್ಕೂ ಒಂದು ಪ್ರಶ್ನೆ ಮತ್ತೆ ಮತ್ತೆ ತಲೆ ಎತ್ತಿದೆ: ದುಡಿಯುವವನಿಗೆ ಧಣಿ ಯಾರು? ಊರಿನಿಂದ ಕರೆತಂದ ಮೇಸ್ತ್ರಿಯೋ, ದುಡಿಮೆಯ ಫಲ ಉಂಡ ಕಂಪನಿಯೋ, ರಾಜಧನ ಎಣಿಸಿಕೊಂಡ ಸರ್ಕಾರವೋ?

ಸೀಮೆ ಮತ್ತು ಜನ

ಬಂಗಾರಪೇಟೆಯ ದಕ್ಷಿಣಕ್ಕೆ, ತಮಿಳುನಾಡಿನ ಗಡಿಯ ಕಡೆಗಿರುವ ಬೂದಿಕೋಟೆ ಈ ಸೀಮೆಯ ಹಳೆಯ ಊರುಗಳಲ್ಲೊಂದು. ಹೈದರಾಲಿ ಹುಟ್ಟಿದ್ದು ಇಲ್ಲೇ ಎಂಬ ಪ್ರತೀತಿ ಇದೆ. ಅವನ ತಂದೆ ಫತೇ ಮಹಮ್ಮದ್ ಶಿರಾದ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ. ಸುತ್ತ ಕೆಮ್ಮಣ್ಣು, ಬಂಡೆ, ಕೆರೆ, ರಾಗಿ. ಮಳೆ ಕೈಕೊಟ್ಟ ವರ್ಷ ಕೂಲಿಗೆ ಹೊರಡುವುದು ಇಲ್ಲಿನ ಬಡವರಿಗೆ ಹೊಸದಲ್ಲ. ಹಳ್ಳಿಯ ದುಡಿಮೆಯ ಬಹುಪಾಲು ಜಾತಿ ಮತ್ತು ಸಾಲದ ಕಟ್ಟಿಗೆ ಸಿಕ್ಕಿಕೊಂಡಿತ್ತು. ಸಾಲ ತೀರುವವರೆಗೆ ಗೌಡನ ಮನೆಯಲ್ಲಿ ಜೀತಕ್ಕಿರುವ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಗಣಿಯ ಕೂಲಿಯನ್ನು ಅಂದಿನ ದಲಿತರು ಹೇಗೆ ಕಂಡರು ಎಂದು ತಿಳಿಯಲು ಈ ಹಿನ್ನೆಲೆ ಬೇಕೇಬೇಕು. ಕೆಲಸ ಎಷ್ಟೇ ಕ್ರೂರವಾಗಿದ್ದರೂ ಅಲ್ಲಿ ವಾರಕ್ಕೋ ತಿಂಗಳಿಗೋ ಕೈಗೆ ಕಾಸು ಬರುತ್ತಿತ್ತು, ಅದನ್ನು ಕೊಡುವವನು ಊರಿನ ಜಮೀನ್ದಾರನಾಗಿರಲಿಲ್ಲ.

ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಸರ್ವೇ ಕೆಲಸದ ಮೇಲೆ ಈ ಕಡೆ ಬಂದಾಗ ಊರಗಾಂ, ಮಾರಿಕುಪ್ಪಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದುದನ್ನು ಕಂಡ. ಗಂಡಸರು ಗುಂಡಿಗಳಿಗೆ ಇಳಿದು ಕಲ್ಲು ಒಡೆದು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲೆ ಕಳಿಸುತ್ತಿದ್ದರು. ಹೆಂಗಸರು ಆ ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಲಂಡನ್ನಿನ ಕಂಪನಿಗಳು ಕಾಲಿಡುವ ಎಷ್ಟೋ ಮೊದಲೇ ಈ ನೆಲದಲ್ಲಿ ಗಣಿ ಕೆಲಸವೂ, ಗಂಡು ಹೆಣ್ಣುಗಳ ನಡುವೆ ಅದರ ಹಂಚಿಕೆಯೂ ಇದ್ದವು ಎಂಬುದಕ್ಕೆ ಇದು ಸಾಕ್ಷಿ.

ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಮೂಲದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್ 1873ರಲ್ಲಿ ಗಣಿ ಪರವಾನಗಿಗೆ ಅರ್ಜಿ ಹಾಕಿದ. ಅವನ ಹಕ್ಕು ಕೈಯಿಂದ ಕೈಗೆ ಹೋಗಿ, 1880ರಲ್ಲಿ ಮೈಸೂರು ಗಣಿ ಕಂಪನಿ ಹುಟ್ಟಿತು. ಅದನ್ನೂ ಆಮೇಲೆ ಬಂದ ಚಾಂಪಿಯನ್ ರೀಫ್, ಊರಗಾಂ, ನಂದಿದುರ್ಗ, ಬಾಲಘಾಟ್ ಗಣಿಗಳನ್ನೂ ನಡೆಸಿದ್ದು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್. ಲೆಕ್ಕಕ್ಕೆ ಕಂಪನಿಗಳು ಬೇರೆ ಬೇರೆ, ಆಡಳಿತ ಮಾತ್ರ ಒಂದೇ ಮನೆಯದು. ಕಾರ್ಮಿಕನ ಪಾಲಿಗೆ ಇದರ ಅರ್ಥ ದೊಡ್ಡದು. ಒಂದು ಗಣಿಯಲ್ಲಿ ಜಗಳವಾಡಿ ಇನ್ನೊಂದಕ್ಕೆ ಹೋದರೂ ಅವನು ಅದೇ ಧಣಿಯ ಅಂಗಳದಲ್ಲೇ ಇರುತ್ತಿದ್ದ.

1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ತಂತಿ ಎಳೆದು ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗಳಿಗೆ ದೀಪ ಬರುವ ಮೊದಲೇ ಗಣಿಯ ಯಂತ್ರಗಳು ವಿದ್ಯುತ್ತಿನಲ್ಲಿ ಓಡಿದವು.

ಮೇಸ್ತ್ರಿ ಮತ್ತು ಕಂತ್ರಾಟುದಾರ

ನೆಲದಡಿಯ ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ತಮಿಳು ಮತ್ತು ತೆಲುಗು ಮಾತನಾಡುವ ದಲಿತರು. ಸುತ್ತಮುತ್ತಲ ಕನ್ನಡ ಹಳ್ಳಿಗಳಿಂದ ಬಂದವರ ಸಂಖ್ಯೆ ಕಡಿಮೆ. ಮೇಲ್ವಿಚಾರಣೆ ಯುರೋಪಿಯನ್ನರದ್ದು: ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರು, ಮರದ ಊರೆ ಕಟ್ಟುವುದರಲ್ಲಿ ಪಳಗಿದ ಇಟಾಲಿಯನ್ನರು. ನಡುವಿನ ಹುದ್ದೆಗಳಲ್ಲಿ ಆಂಗ್ಲೋ ಇಂಡಿಯನ್ನರು. ಜಾತಿ, ಬಣ್ಣ, ಭಾಷೆ ಮೂರೂ ಕೂಡಿ ಕೂಲಿಯ ದರ್ಜೆಯನ್ನೂ ಮನೆಯ ಗಾತ್ರವನ್ನೂ ನಿರ್ಧರಿಸುತ್ತಿದ್ದವು. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನಗಳ ಕಾರಣಕ್ಕೆ ಈ ಊರನ್ನು ‘ಪುಟ್ಟ ಇಂಗ್ಲೆಂಡ್’ ಎಂದು ಇಂದಿಗೂ ಹಾಡಿ ಹೊಗಳುವವರಿದ್ದಾರೆ. ಹಾಗೆ ಕರೆಯುವಾಗ ಅದೇ ಊರಿನ ಕೂಲಿ ಲೈನುಗಳ ಬಿದಿರು ತಟ್ಟಿಯ ಗುಡಿಸಲುಗಳನ್ನೂ, ಒಂದೇ ಕೋಣೆಯಲ್ಲಿ ಮೂರು ಪಾಳಿಯ ಗಂಡಸರು ಸರದಿಯ ಮೇಲೆ ಮಲಗಿ ಏಳಬೇಕಾದ ಬದುಕನ್ನೂ ನೆನೆಯಬೇಕು.

ಮೊದಲ ದಶಕಗಳಲ್ಲಿ ಕಂಪನಿ ನೇರವಾಗಿ ಹಾಜರಿ ಹಾಕಿ ಕೂಲಿ ಕೊಡುತ್ತಿದ್ದುದು ಎಲ್ಲರಿಗೂ ಅಲ್ಲ. ಸುರಂಗ ಕೊರೆಯುವ, ಅದಿರು ತುಂಬಿ ತಳ್ಳುವ ಕೆಲಸಗಳನ್ನು ಕಂತ್ರಾಟುದಾರರಿಗೆ ವಹಿಸುತ್ತಿದ್ದರು. ಕಂತ್ರಾಟುದಾರನ ಕೆಳಗೆ ಮೇಸ್ತ್ರಿ. ಮೇಸ್ತ್ರಿ ತನ್ನ ಊರಿಗೆ ಹೋಗಿ, ಮುಂಗಡ ಕೊಟ್ಟು, ನೆಂಟರಿಷ್ಟರನ್ನೂ ನೆರೆಯವರನ್ನೂ ಕರೆತರುತ್ತಿದ್ದ. ಬಂದವನಿಗೆ ಮಲಗಲು ಜಾಗ, ದಿನಸಿ ಅಂಗಡಿಯಲ್ಲಿ ಸಾಲ, ಕಾಯಿಲೆ ಬಿದ್ದಾಗ ಊರಿಗೆ ಹೋಗಲು ರೈಲಿನ ಕಾಸು, ಎಲ್ಲವೂ ಅವನ ಮೂಲಕವೇ. ಬಟವಾಡೆಯ ದಿನ ಕೂಲಿಯೂ ಅವನ ಕೈ ದಾಟಿಯೇ ಬರುತ್ತಿತ್ತು, ಬರುವಾಗ ಮುಂಗಡ, ಬಡ್ಡಿ, ಮಾಮೂಲು ಮುರಿದುಕೊಂಡು ಬರುತ್ತಿತ್ತು. ಇತ್ತ ಕಂಪನಿಗೆ ಅನುಕೂಲ ಎರಡು: ಅಡಿ ಲೆಕ್ಕದಲ್ಲಿ ಕೆಲಸ ಮುಗಿಯುತ್ತಿತ್ತು, ಕೂಲಿಯ ತಕರಾರು ಕಚೇರಿಯ ಬಾಗಿಲಿಗೆ ಬರುತ್ತಿರಲಿಲ್ಲ.

ಆದರೆ ಈ ಏರ್ಪಾಡಿನಲ್ಲಿ ಕೂಲಿಯವನಿಗೂ ಒಂದಿಷ್ಟು ಸಡಿಲ ಇತ್ತು. ಬಿತ್ತನೆ ಬಂದರೆ, ಹಬ್ಬ ಬಂದರೆ, ಮನೆಯಲ್ಲಿ ಮದುವೆಯಾದರೆ ಅವನು ಊರಿಗೆ ಹೋಗಿಬಿಡುತ್ತಿದ್ದ. ಮೇಸ್ತ್ರಿ ಸರಿಬರದಿದ್ದರೆ ಮತ್ತೊಬ್ಬ ಮೇಸ್ತ್ರಿಯ ಬಳಿ, ಬೇರೊಂದು ಗಣಿಯಲ್ಲಿ, ಬೇಕಾದರೆ ಬೇರೊಂದು ಹೆಸರಿನಲ್ಲಿ ಸೇರಿಕೊಳ್ಳುತ್ತಿದ್ದ. ಕಡತಗಳು ಇದನ್ನು ಶಿಸ್ತಿಲ್ಲದ ನಡತೆ ಎಂದು ಬರೆದವು. ಸಂಘವಾಗಲಿ ಕಾನೂನಾಗಲಿ ಇಲ್ಲದ ಕಾಲದಲ್ಲಿ ಕೆಲಸ ಬಿಟ್ಟು ಹೋಗುವುದೇ ಕಾರ್ಮಿಕನ ಕೈಯಲ್ಲಿದ್ದ ಒಂದೇ ಆಯುಧ ಎಂದು ಓದುವುದು ಹೆಚ್ಚು ನ್ಯಾಯ.

ಕಾವಲು, ತಪಾಸಣೆ ಮತ್ತು 1930ರ ಮುಷ್ಕರ

ಚಿನ್ನ ಕಲ್ಲಿದ್ದಲಿನಂತಲ್ಲ, ಒಂದು ಚೂರು ಬಾಯಿಯಲ್ಲಿ, ಕೂದಲಲ್ಲಿ, ಪಂಚೆಯ ಮಡಿಲಲ್ಲಿ ಅಡಗುತ್ತದೆ. ಈ ಒಂದು ಸಂಗತಿ ಗಣಿಯ ಇಡೀ ಆಡಳಿತವನ್ನು ರೂಪಿಸಿತು. ಪಾಳಿ ಮುಗಿಸಿ ಕೇಜಿನಿಂದ ಮೇಲೆ ಬಂದವನು ಮನೆಗೆ ಹೋಗುವ ಮುಂಚೆ ಮೈ ತಪಾಸಣೆಗೆ ನಿಲ್ಲಬೇಕು. ಕಂಪನಿಗಳಿಗೆ ತಮ್ಮದೇ ಕಾವಲು ಪಡೆ ಇತ್ತು. ಸಂಸ್ಥಾನದ ಗಣಿ ಕಾನೂನು ಕಚ್ಚಾ ಚಿನ್ನವನ್ನು ಇಟ್ಟುಕೊಳ್ಳುವುದನ್ನೇ ಅಪರಾಧ ಮಾಡಿತು. ಇದು ತನಗೆ ಹೇಗೆ ಬಂತೆಂದು ತೋರಿಸುವ ಹೊಣೆ ಸಿಕ್ಕಿಬಿದ್ದವನ ಮೇಲೆಯೇ ಬಿತ್ತು. ಜಿಲ್ಲಾ ಕೇಂದ್ರ ಕೋಲಾರವೇ ಆದರೂ ಕೋಲಾರ ಗೋಲ್ಡ್ ಫೀಲ್ಡ್ಸ್ ಎಂಬ ಈ ಗಣಿ ಊರಿಗೆ, ಅಂದರೆ ಕೆಜಿಎಫ್‌ಗೆ ಬೇರೆಯೇ ಪೊಲೀಸ್ ವರಿಷ್ಠಾಧಿಕಾರಿ ಇರುವ ವ್ಯವಸ್ಥೆ ಗಣಿ ಮುಚ್ಚಿದ ಮೇಲೂ ಉಳಿದು ಬಂದದ್ದು ಆ ಕಾಲದ ಪಳೆಯುಳಿಕೆ.

ಮೈಸೂರು ಸರ್ಕಾರದ ಸ್ಥಾನವೂ ಇಕ್ಕಟ್ಟಿನದು. ಉತ್ಪಾದನೆಯ ಮೇಲೆ ನೂರಕ್ಕೆ 5ರಂತೆ ರಾಜಧನ ಅದರ ಬೊಕ್ಕಸಕ್ಕೆ ಬರುತ್ತಿತ್ತು. ಡಾ. ಡಬ್ಲ್ಯು.ಎಫ್. ಸ್ಮೀತ್ ಅವರಂಥ ಭೂವಿಜ್ಞಾನಿಗಳು ಗಣಿಗಳ ಮುಖ್ಯ ತಪಾಸಕರೂ ಆಗಿದ್ದರು, ಅಪಘಾತಗಳ ವರದಿಗಳು ವರ್ಷವರ್ಷವೂ ಅಚ್ಚಾದವು. ಹಾಗೆಂದು ಗಣಿ ನಿಲ್ಲಿಸುವಷ್ಟು ಬಿಗಿಯನ್ನು ರಾಜಧನ ಪಡೆಯುವ ಸರ್ಕಾರದಿಂದ ಯಾರೂ ನಿರೀಕ್ಷಿಸುವಂತಿರಲಿಲ್ಲ.

1930ರ ಏಪ್ರಿಲ್‌ನಲ್ಲಿ ಕಂಪನಿಗಳು ಎಲ್ಲ ಗಣಿಗಳಿಗೂ ಸೇರಿದಂತೆ ನೋಂದಣಿ ವ್ಯವಸ್ಥೆಯೊಂದನ್ನು ತಂದವು. ಪ್ರತಿ ಕಾರ್ಮಿಕನೂ ಬೆರಳ ಗುರುತು ಕೊಡಬೇಕು. ಹಾಜರಿ ಖಚಿತವಾಗುತ್ತದೆ, ಸುಳ್ಳು ಹೆಸರು ನಿಲ್ಲುತ್ತದೆ ಎಂಬುದು ಆಡಳಿತದ ವಾದ. ಕಾರ್ಮಿಕರಿಗೆ ಕಂಡದ್ದೇ ಬೇರೆ. ಕೈದಿಗಳಿಂದ ತೆಗೆದುಕೊಳ್ಳುವ ಗುರುತನ್ನು ತಮ್ಮಿಂದ ತೆಗೆದುಕೊಳ್ಳುತ್ತಿದ್ದಾರೆ ಎಂಬ ಅವಮಾನ ಒಂದು. ಒಮ್ಮೆ ಒಂದು ಗಣಿಯಿಂದ ವಜಾ ಆದರೆ ಐದರಲ್ಲಿ ಯಾವುದರಲ್ಲೂ ಮತ್ತೆ ಕೆಲಸ ಸಿಗದು ಎಂಬ ಲೆಕ್ಕ ಇನ್ನೊಂದು. ಆ ಲೆಕ್ಕ ಸರಿಯಾಗಿಯೇ ಇತ್ತು. ಓದುಬರಹ ಬಾರದವರೆಂದು ಎಣಿಸಲಾಗಿದ್ದ ಜನ ಒಂದು ಕಡತದ ಕೆಲಸವನ್ನು ಅದನ್ನು ರೂಪಿಸಿದವರಷ್ಟೇ ಚೆನ್ನಾಗಿ ಅರ್ಥಮಾಡಿಕೊಂಡಿದ್ದರು. ನೋಂದಾಯಿತ ಸಂಘವಿಲ್ಲದೆ, ಹೊರಗಿನ ನಾಯಕರಿಲ್ಲದೆ ಸಾವಿರಾರು ಮಂದಿ ಕೆಲಸ ನಿಲ್ಲಿಸಿದರು. ಹಲವರು ಲೈನು ಖಾಲಿ ಮಾಡಿ ಊರಿನ ದಾರಿ ಹಿಡಿದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಸರ್ಕಾರ ನಡುವೆ ಬರಬೇಕಾಯಿತು. ಆ ವರ್ಷ ದೇಶವೆಲ್ಲ ಉಪ್ಪಿನ ಸತ್ಯಾಗ್ರಹದ ಸುದ್ದಿಯಲ್ಲಿ ಮುಳುಗಿತ್ತು, ನಮ್ಮ ಚರಿತ್ರೆಯ ಪಠ್ಯಗಳು ಅದೇ ತಿಂಗಳ ಈ ಮುಷ್ಕರಕ್ಕೆ ಇನ್ನೂ ತಕ್ಕ ಜಾಗ ಕೊಟ್ಟಿಲ್ಲ.

ಸಂಘದ ಕಟ್ಟಡ ಇಲ್ಲದಿದ್ದರೂ ಒಗ್ಗಟ್ಟಿಗೆ ನೆಲೆಗಳಿದ್ದವು. ಪಂಡಿತ ಅಯೋತ್ತಿದಾಸರ ಶಾಕ್ಯ ಬೌದ್ಧ ಸಂಘದ ಶಾಖೆ 20ನೇ ಶತಮಾನದ ಮೊದಲ ದಶಕದಲ್ಲೇ ಮಾರಿಕುಪ್ಪಂನಲ್ಲಿತ್ತು. ಅವರ ‘ತಮಿಳನ್’ ಪತ್ರಿಕೆಯನ್ನು ಗಣಿ ಲೈನುಗಳಲ್ಲಿ ಕೂತು ಓದಿಸಿ ಕೇಳುತ್ತಿದ್ದರು. ಭಜನೆ ಮಂಡಳಿ, ಚರ್ಚು, ರಾತ್ರಿ ಶಾಲೆ, ಫುಟ್‌ಬಾಲ್ ತಂಡ, ಇವೆಲ್ಲ ಕೂಡಿ ಒಂದು ಸಮಾಜ ಆಗಲೇ ರೂಪುಗೊಂಡಿತ್ತು. ದಲಿತ ಸ್ವಾಭಿಮಾನದ ಆ ಪರಂಪರೆಯೇ ಮುಂದೆ ಡಾ. ಬಿ.ಆರ್. ಅಂಬೇಡ್ಕರ್ ಅವರನ್ನು 1954ರಲ್ಲಿ ಕೆಜಿಎಫ್‌ಗೆ ಬರಮಾಡಿಕೊಂಡಿತು.

ಒಂದು ಪಾಳಿ

ಸೈರನ್ನು ಕೂಗಿದಾಗ ಆಳು ಹಾಜರಿ ಕಚೇರಿಯ ಮುಂದೆ ಸಾಲು ನಿಲ್ಲುತ್ತಾನೆ. ಶಾಫ್ಟಿನ ಬಾಯಿಯಲ್ಲಿ ಬ್ಯಾಂಕ್ಸ್‌ಮನ್ ತಲೆ ಎಣಿಸಿ ಕೇಜಿಗೆ ಹತ್ತಿಸುತ್ತಾನೆ. ಗಂಟೆಯ ಸಂಕೇತಕ್ಕೆ ಸರಿಯಾಗಿ ವೈಂಡಿಂಗ್ ಡ್ರೈವರ್ ಹಗ್ಗ ಬಿಡುತ್ತಾನೆ. ಚಾಂಪಿಯನ್ ರೀಫಿನ ಗಿಫರ್ಡ್ ಶಾಫ್ಟಿನಲ್ಲಿ ನೆಟ್ಟಗೆ ಎರಡು ಕಿಲೋಮೀಟರಿನಷ್ಟು ಇಳಿದರೂ ದಾರಿ ಮುಗಿಯುವುದಿಲ್ಲ. ಅಲ್ಲಿಂದ ನಡೆದು, ಒಳಗಿನ ಇನ್ನೊಂದು ಶಾಫ್ಟಿನ ಕೇಜ್ ಹತ್ತಿ, ಮತ್ತೆ ಇಳಿಯಬೇಕು. ಈ ಗಣಿ ಕೊನೆಗೆ 3 ಕಿಲೋಮೀಟರಿಗೂ ಆಳ ಹೋಯಿತು. ಆ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಮೇಲಿನಿಂದ ತಣ್ಣನೆಯ ಗಾಳಿ ಊದದಿದ್ದರೆ ಮನುಷ್ಯ ನಿಲ್ಲಲಾರ. ಡ್ರಿಲ್ಲರ್ ರಂಧ್ರ ಕೊರೆಯುತ್ತಾನೆ, ಮದ್ದು ತುಂಬಿ ಸಿಡಿಸುತ್ತಾರೆ, ಹೊಗೆ ಆರಿದ ಮೇಲೆ ಬರುವವರು ಕಲ್ಲು ಬಾಚಿ ಟ್ರಾಲಿಗೆ ತುಂಬುತ್ತಾರೆ, ಟ್ರಾಮರ್ ಅದನ್ನು ಹಳಿಯ ಮೇಲೆ ತಳ್ಳುತ್ತಾನೆ. ಯಾವ ಯಂತ್ರ ಬಂದರೂ ಬೆನ್ನಿನ ಕೆಲಸ ಪೂರ್ತಿ ಹೋಗಲಿಲ್ಲ.

ಅಲ್ಲಿನವರು ಹೆಚ್ಚು ಹೆದರುತ್ತಿದ್ದುದು ರಾಕ್ ಬರ್ಸ್ಟಿಗೆ. ಅದಿರು ತೆಗೆದು ಟೊಳ್ಳಾದ ಜಾಗದ ಸುತ್ತ ಒತ್ತಡ ಕೂಡಿ, ಬಂಡೆ ತಾನೇ ತಾನಾಗಿ ಸ್ಫೋಟಿಸುತ್ತದೆ. ದೊಡ್ಡವು ನಡೆದಾಗ ಮೇಲಿನ ಊರಿನಲ್ಲಿ ಪಾತ್ರೆ ಅಲುಗುತ್ತಿತ್ತು, ಗೋಡೆ ಬಿರಿಯುತ್ತಿತ್ತು. ಮನೆಯವರು ಶಾಫ್ಟಿನ ಕಡೆ ಓಡುತ್ತಿದ್ದರು. ಮರದ ಊರೆಗಳ ಜಾಗದಲ್ಲಿ ಕಲ್ಲು, ಕಾಂಕ್ರೀಟು ತುಂಬುವ ವಿಧಾನಗಳು ಬಂದವು. ಈ ಅನುಭವದ ಮೇಲೆಯೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲಿ ಹುಟ್ಟಿತು. ಇನ್ನೊಂದು ವಿಷಯವನ್ನೂ ಹೇಳಬೇಕು: 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳ ಜೊತೆ ಇದೇ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೋಗಳನ್ನು ಗುರುತಿಸಿದರು. ಆ ಉಪಕರಣಗಳನ್ನು ಹೊತ್ತು ಇಳಿಸಿದ ಕೈಗಳೂ ಗಣಿ ಕಾರ್ಮಿಕರವೇ.

ರಾಕ್ ಬರ್ಸ್ಟಿಗಿಂತ ಹೆಚ್ಚು ಜನರನ್ನು ತಿಂದದ್ದು ದೂಳು. ಬಿಳಿಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ದಾಖಲಾದದ್ದು 1930ರ ದಶಕದಲ್ಲಿ ಕೋಲಾರದ ಗಣಿಗಳಲ್ಲಿ. 1940 ಮತ್ತು 1946ರ ನಡುವೆ ಕ್ಯಾಪ್ಲಾನ್ ಮತ್ತು ಬರ್ಡನ್ ಎಂಬ ವೈದ್ಯರು 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಯಲ್ಲಿ ರೋಗ ಕಂಡುಬಂತು. ನೀರು ಹಾಯಿಸುತ್ತಾ ಕೊರೆಯುವ ಪದ್ಧತಿ, ಗಾಳಿ ಸಂಚಾರ, ಎಕ್ಸ್‌ರೇ ತಪಾಸಣೆ ಇವೆಲ್ಲ ಬಲವಾದದ್ದು ಆಮೇಲೆ. ಕಂಪನಿಯ ಆಸ್ಪತ್ರೆ ದಕ್ಷಿಣ ಭಾರತದಲ್ಲೇ ಹೆಸರು ಮಾಡಿತ್ತು, ಅದರ ವೈದ್ಯರ ಕೌಶಲದ ಬಗ್ಗೆ ಎರಡು ಮಾತಿಲ್ಲ. ಆದರೆ ರೋಗವೆಂದು ಪತ್ರ ಬರೆಯುವವರೂ ಕಂಪನಿಯ ಸಂಬಳದವರೇ ಆಗಿರುವಾಗ, ಎಷ್ಟು ಮಂದಿ ಕೆಮ್ಮುತ್ತಾ ಪರಿಹಾರವಿಲ್ಲದೆ ಊರಿಗೆ ಮರಳಿದರು ಎಂಬುದು ಯಾವ ಪುಸ್ತಕದಲ್ಲೂ ದಾಖಲಾಗುವಂತಿರಲಿಲ್ಲ.

ಹೆಂಗಸರು ನೆಲದ ಮೇಲಿನ ಕೆಲಸಗಳಲ್ಲಿದ್ದರು: ಕಲ್ಲು ಆರಿಸುವುದು, ಹೊರುವುದು, ಗುಡಿಸುವುದು. ಅದರ ಜೊತೆಗೆ ಗಣಿಯ ಲೆಕ್ಕಕ್ಕೆ ಬಾರದ ದುಡಿಮೆಯನ್ನೂ ಮಾಡಿದವರು ಅವರೇ. ಬೇರೆ ಬೇರೆ ಪಾಳಿಯ ಗಂಡ, ಮಗ, ಮೈದುನರಿಗೆ ಹೊತ್ತು ಹೊತ್ತಿಗೆ ಬುತ್ತಿ ಕಟ್ಟಿದರು, ಬೀದಿ ನಲ್ಲಿಯ ಮುಂದೆ ಕೊಡದ ಸಾಲು ಕಾದರು, ಕೆಮ್ಮುವವನನ್ನು ರಾತ್ರಿಯಿಡೀ ನೋಡಿಕೊಂಡರು.

ಸಂಘ ಮತ್ತು ಕಾನೂನು

ಬ್ರಿಟಿಷ್ ಭಾರತದಲ್ಲಿ ಕಾರ್ಮಿಕ ಸಂಘಗಳ ಕಾಯಿದೆ ಬಂದದ್ದು 1926ರಲ್ಲಿ. ಅದು ಮೈಸೂರು ಸಂಸ್ಥಾನಕ್ಕೆ ಅನ್ವಯಿಸುತ್ತಿರಲಿಲ್ಲ. ಬೆಂಗಳೂರಿನ ಗಿರಣಿಗಳಲ್ಲೂ ಗಣಿಗಳಲ್ಲೂ ಮುಷ್ಕರದ ಬಿಸಿ ಏರಿ, ಯುದ್ಧಕಾಲದ ಬೆಲೆ ಏರಿಕೆ ಹೊಟ್ಟೆಗೆ ಹೊಡೆದಾಗ ಸಂಸ್ಥಾನ 1941ರಲ್ಲಿ ಮೈಸೂರು ಕಾರ್ಮಿಕ ತುರ್ತು ಕಾಯಿದೆಯನ್ನೂ 1942ರಲ್ಲಿ ಮೈಸೂರು ಕಾರ್ಮಿಕ ಕಾಯಿದೆಯನ್ನೂ ತಂದಿತು. ಸಂಘಕ್ಕೆ ಮಾನ್ಯತೆ, ರಾಜಿ ಸಂಧಾನ, ನ್ಯಾಯ ನಿರ್ಣಯದ ದಾರಿ ಇದರಿಂದ ತೆರೆದವು. ದಾರಿ ತೆರೆದ ಕಾನೂನೇ ಮುಷ್ಕರಕ್ಕೆ ಬೇಲಿಯನ್ನೂ ಹಾಕಿತು. ಅಷ್ಟಾದರೂ ಇದು ಸಣ್ಣ ಬದಲಾವಣೆಯಲ್ಲ. ಮೇಸ್ತ್ರಿಯ ಮೂಲಕ ಬೇಡಿಕೊಳ್ಳುತ್ತಿದ್ದವರು ಈಗ ಮೇಜಿನ ಎದುರು ಕೂತು ಕೇಳುವಂತಾಯಿತು. ತುಟ್ಟಿಭತ್ಯೆ, ಅಗ್ಗದ ದರದ ಅಕ್ಕಿ, ಬೋನಸ್ಸು, ಭವಿಷ್ಯನಿಧಿ ಒಂದೊಂದಾಗಿ ಚರ್ಚೆಯ ವಸ್ತುಗಳಾದವು.

ಇದೇ ಹೊತ್ತಿಗೆ ಕಮ್ಯುನಿಸ್ಟ್ ಸಂಘಟಕ ಕೆ.ಎಸ್. ವಾಸನ್ ಗಣಿ ಲೈನುಗಳಲ್ಲಿ ಕೆಲಸ ಆರಂಭಿಸಿದ್ದರು. 1946ರಲ್ಲಿ ದೀರ್ಘ ಮುಷ್ಕರ ನಡೆಯಿತು. ಆ ವರ್ಷದ ನವೆಂಬರಿನಲ್ಲಿ ಪೊಲೀಸ್ ಗೋಲಿಬಾರಿಗೆ ಆರು ಮಂದಿ ಕಾರ್ಮಿಕರು ಬಲಿಯಾದರು. ಕೆಜಿಎಫ್‌ನ ಕಾರ್ಮಿಕ ಸಂಘಟನೆಗಳು ಆ ಆರು ಮಂದಿಯನ್ನು ಹುತಾತ್ಮರೆಂದು ಸ್ಮರಿಸುತ್ತಾ ಬಂದಿವೆ. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಮೈಸೂರು ವಿಧಾನಸಭೆಗೆ ಆಯ್ಕೆಯಾದ ಒಬ್ಬನೇ ಕಮ್ಯುನಿಸ್ಟ್ ಸದಸ್ಯ ಬಂದದ್ದು ಈ ಗಣಿ ಊರಿನಿಂದಲೇ. ಮುಂದಿನ ದಶಕಗಳಲ್ಲಿ ಇಲ್ಲಿನ ಮತದಾರರು ರಿಪಬ್ಲಿಕನ್ ಪಕ್ಷವನ್ನೂ ಅಣ್ಣಾ ಡಿಎಂಕೆಯನ್ನೂ ಸರದಿಯಂತೆ ಗೆಲ್ಲಿಸಿದರು. ಕರ್ನಾಟಕದ ರಾಜಕೀಯದ ನಕ್ಷೆಯಲ್ಲಿ ಇಷ್ಟು ಕಾಲ ಬೇರೆಯೇ ಬಣ್ಣದಲ್ಲಿ ನಿಂತ ಕ್ಷೇತ್ರಗಳು ವಿರಳ.

ಸರ್ಕಾರವೇ ಧಣಿ

1956ರ ಕೊನೆಯಲ್ಲಿ ಮೈಸೂರು ರಾಜ್ಯ ಸರ್ಕಾರ ಕಾಯಿದೆ ಮಾಡಿ ಗಣಿಗಳನ್ನು ವಶಕ್ಕೆ ಪಡೆಯಿತು. 1962ರ ಡಿಸೆಂಬರಿನಲ್ಲಿ ಅವು ಕೇಂದ್ರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು. 1964ರಲ್ಲಿ ಆರಂಭವಾದ ಬಿಇಎಂಎಲ್ ಗಣಿಯ ಪಕ್ಕದಲ್ಲೇ ಬುಲ್ಡೋಜರ್, ಎಕ್ಸ್‌ಕವೇಟರ್ ಮಾಡುವ ಘಟಕ ತೆರೆದು ಗಣಿ ಕುಟುಂಬಗಳ ಒಂದಷ್ಟು ಮಕ್ಕಳಿಗೆ ಕಾಯಂ ಕೆಲಸ ಕೊಟ್ಟಿತು.

ರಾಷ್ಟ್ರೀಕರಣದಿಂದ ಆದ ಲಾಭ ನಿಜವಾದದ್ದು. ಕಾಯಂ ಹುದ್ದೆ, ಶ್ರೇಣಿ, ಬಡ್ತಿ, ರಜೆ, ಗ್ರಾಚ್ಯುಟಿ, ಸತ್ತವನ ಮನೆಯ ಒಬ್ಬರಿಗೆ ಕೆಲಸ. ಯುರೋಪಿಯನ್ನರ ಕುರ್ಚಿಗಳಲ್ಲಿ ಭಾರತೀಯ ಎಂಜಿನಿಯರುಗಳು ಕೂತರು. ಕಾರ್ಮಿಕರ ಮಕ್ಕಳು ಓದಿ ಶಿಕ್ಷಕರೂ ವಕೀಲರೂ ಆದರು. ಬದಲಾಗದೆ ಉಳಿದದ್ದು ಮನೆ. ಮನೆ ಕಂಪನಿಯದು, ನೀರು ಕಂಪನಿಯದು, ಆಸ್ಪತ್ರೆ ಕಂಪನಿಯದು. ಕೆಲಸ ಹೋದರೆ ಸೂರೂ ಹೋಗುತ್ತದೆ ಎಂಬ ಭಯ ಹಾಗೇ ಇತ್ತು. ಇಡೀ ಊರನ್ನೇ ಉದ್ಯೋಗದ ಜೊತೆ ಕಟ್ಟಿಹಾಕುವ ಈ ಪದ್ಧತಿಯ ಬೆಲೆ ಗೊತ್ತಾದದ್ದು ಗಣಿ ಮುಚ್ಚುವಾಗ.

ಗಣಿ ಆಳಕ್ಕೆ ಹೋದಂತೆ ಖರ್ಚು ಏರಿತು, ಅದಿರಿನಲ್ಲಿ ಚಿನ್ನದ ಪ್ರಮಾಣ ಇಳಿಯಿತು. 1990ರ ದಶಕದಲ್ಲಿ ಪ್ರಕರಣ ರೋಗಗ್ರಸ್ತ ಉದ್ದಿಮೆಗಳ ಮಂಡಳಿಯ ಮುಂದೆ ಹೋಯಿತು. ಆ ಮಂಡಳಿ 2000ದಲ್ಲಿ ಕಂಪನಿ ಮುಚ್ಚುವುದೇ ಸರಿ ಎಂದಿತು. ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ಇಷ್ಟು ದೊಡ್ಡ ಉದ್ದಿಮೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಇಲ್ಲಿ ಧಣಿಯೂ ಕೇಂದ್ರ ಸರ್ಕಾರ, ಅನುಮತಿ ಕೊಡಬೇಕಾದದ್ದೂ ಕೇಂದ್ರ ಸರ್ಕಾರ. ಅನುಮತಿ ಸಿಕ್ಕಿತು. ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಒಂದೇ ದಿನ ಹೋಯಿತು. ವಿಶೇಷ ಪರಿಹಾರದ ಪ್ಯಾಕೇಜು, ಅದರ ಲೆಕ್ಕದ ತಕರಾರು, ಕಾರ್ಮಿಕರ ಸಹಕಾರ ಸಂಘಕ್ಕೆ ಗಣಿ ಕೊಡಿ ಎಂಬ ಬೇಡಿಕೆ, ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಓಡಾಟ ವರ್ಷಗಟ್ಟಲೆ ನಡೆದವು. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಗಣಿಯ ಆಸ್ತಿಗೆ ಜಾಗತಿಕ ಟೆಂಡರ್ ಕರೆಯುವ ಕೇಂದ್ರದ ನಿಲುವಿಗೆ ಒಪ್ಪಿತು. ಟೆಂಡರಿನ ಕನಸು ಕನಸಾಗಿಯೇ ಉಳಿಯಿತು. ಪಂಪುಗಳು ನಿಂತ ಗಣಿಗಳಲ್ಲಿ ನೀರು ತುಂಬಿತು.

ಮುಚ್ಚಿದ ಮೇಲೆ

ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಡುವ ರೈಲುಗಳೇ ಇಂದು ಈ ಊರಿನ ಪಾಳಿ ಸೈರನ್ನು. ಊರಗಾಂ, ಚಾಂಪಿಯನ್, ಕೋರಮಂಡಲ ನಿಲ್ದಾಣಗಳಲ್ಲಿ ಹತ್ತಿದವರು ಬಂಗಾರಪೇಟೆ ದಾಟುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. ವೈಟ್‌ಫೀಲ್ಡ್, ಕೃಷ್ಣರಾಜಪುರ, ಕಂಟೋನ್ಮೆಂಟ್‌ಗಳಲ್ಲಿ ಇಳಿದು ಸೆಕ್ಯುರಿಟಿ ಗಾರ್ಡು, ಹೌಸ್‌ಕೀಪಿಂಗ್, ಕಾಲ್ ಸೆಂಟರ್, ಆಸ್ಪತ್ರೆ, ಅಂಗಡಿ ಎಂದು ಚದುರುವ ಇವರಲ್ಲಿ ಬಹುಮಂದಿಗೆ ಸಂಬಳ ಕೊಡುವುದು ತಾವು ಕೆಲಸ ಮಾಡುವ ಕಟ್ಟಡದ ಮಾಲೀಕನಲ್ಲ, ನಡುವಿನ ಏಜೆನ್ಸಿ. ಅಜ್ಜನನ್ನು ಕರೆತಂದ ಮೇಸ್ತ್ರಿಗೆ ಮುಖವಾದರೂ ಇತ್ತು; ಮೊಮ್ಮಗನ ಏಜೆನ್ಸಿಯ ಕಚೇರಿ ಎಲ್ಲಿದೆ ಎಂದು ಎಷ್ಟೋ ಸಲ ಅವನಿಗೇ ತಿಳಿದಿರುವುದಿಲ್ಲ.

ಗುತ್ತಿಗೆ ಕಾರ್ಮಿಕರ ಕಾಯಿದೆ 1970ರಲ್ಲೇ ಬಂದಿತ್ತು. ಗಣಿ ಮುಚ್ಚಿದ ಅದೇ 2001ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಭಾರತೀಯ ಉಕ್ಕು ಪ್ರಾಧಿಕಾರದ (ಸೇಲ್) ಪ್ರಕರಣದಲ್ಲಿ ಒಂದು ಮಾತು ಸ್ಪಷ್ಟ ಮಾಡಿತು: ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದರೂ ಗುತ್ತಿಗೆಯವರು ತಾವಾಗಿಯೇ ಮೂಲ ಕಂಪನಿಯ ಕಾಯಂ ನೌಕರರಾಗುವುದಿಲ್ಲ. ಆ ತೀರ್ಪಿನ ನೆರಳು ದೇಶದ ಎಲ್ಲ ಕಾರ್ಖಾನೆಗಳ ಮೇಲೂ ಬಿತ್ತು. ಕೋಲಾರದ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಕಾರ್ಮಿಕರ ಸಿಟ್ಟು ಸ್ಫೋಟಿಸಿದಾಗ, ಅಲ್ಲಿದ್ದವರಲ್ಲಿ ಬಹುಪಾಲು ಮಂದಿ ಹಲವು ಗುತ್ತಿಗೆ ಸಂಸ್ಥೆಗಳ ಮೂಲಕ ಬಂದ ಯುವಕ ಯುವತಿಯರು. ಹೇಳಿದ ಸಂಬಳ ಪೂರ್ತಿ ಬರುತ್ತಿಲ್ಲ, ಹಾಜರಿ ಲೆಕ್ಕ ತಪ್ಪಾಗಿದೆ, 12 ಗಂಟೆಯ ಪಾಳಿ ಎಂಬುದು ಅವರ ದೂರು. ಗಾಜು ಒಡೆದ ದೃಶ್ಯಗಳನ್ನು ಟಿವಿಗಳು ದಿನವಿಡೀ ತೋರಿಸಿದವು. ಕೆಲವು ದಿನಗಳ ಮೇಲೆ ಕಂಪನಿಯೇ, ಕೆಲವು ಕಾರ್ಮಿಕರಿಗೆ ಸರಿಯಾಗಿ ಸಕಾಲಕ್ಕೆ ಸಂಬಳ ಹೋಗಿಲ್ಲವೆಂದು ಒಪ್ಪಿ, ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಸಂಸ್ಥೆ ವಿಸ್ಟ್ರಾನನ್ನು ನಿಗಾದಲ್ಲಿಟ್ಟಿತು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ದೂರು ಹೇಳಲು ಒಂದು ಸಂಘ, ಕೇಳಲು ಒಬ್ಬ ನಿಜವಾದ ಧಣಿ ಇದ್ದಿದ್ದರೆ ಆ ಬೆಳಗು ಬೇರೆಯಾಗಿರುತ್ತಿತ್ತು ಎಂಬುದನ್ನು ಮಾತ್ರ ಒತ್ತಿ ಹೇಳಲೇಬೇಕು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಗೆ ಬಂತು. ಅದೇ ವರ್ಷ ಕರ್ನಾಟಕ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆಯವರೆಗೆ ಕೆಲಸಕ್ಕೆ ಅವಕಾಶ ಮಾಡಿತು.

ಬೂದಿಕೋಟೆಯಂಥ ಹಳ್ಳಿಗಳ ಕತೆ ಕಾರ್ಖಾನೆಯ ಗೇಟಿನಿಂದ ಹೊರಗಿದೆ. ಇಲ್ಲಿ ರೇಷ್ಮೆ, ಟೊಮೇಟೊ, ರಾಗಿ, ಹಾಲು, ಕಟ್ಟಡ ಕೆಲಸ. ಮೈರಾಡಾ ಸಂಸ್ಥೆ ಈ ಭಾಗದಲ್ಲಿ ಕಟ್ಟಿದ ಮಹಿಳಾ ಸ್ವಸಹಾಯ ಸಂಘಗಳು ದೇಶದಲ್ಲೇ ಮೊದಲ ಸಾಲಿನವು. 2000ದ ದಶಕದ ಆರಂಭದಲ್ಲಿ ಮೈರಾಡಾ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೋ ನೆರವಿನಿಂದ ಬೂದಿಕೋಟೆಯಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ಆರಂಭಿಸಿದವು. ಆಗ ಸಮುದಾಯ ಬಾನುಲಿಗೆ ಪ್ರಸಾರದ ಪರವಾನಗಿ ಸಿಗುತ್ತಿರಲಿಲ್ಲವಾದ್ದರಿಂದ ಕೇಬಲ್ ಎಳೆದು ಮನೆಮನೆಗೆ ದನಿ ಮುಟ್ಟಿಸಿದರು. ಕೂಲಿ ಮಾಡುವ ಹೆಂಗಸರೇ ಮೈಕಿನ ಮುಂದೆ ಕೂತು ಬೇಸಾಯ, ಆರೋಗ್ಯ, ಮಕ್ಕಳ ಓದಿನ ಬಗ್ಗೆ ಮಾತನಾಡಿದರು. ಕಾರ್ಮಿಕ ಸಂಘದ ಹೆಸರಿಲ್ಲದಿದ್ದರೂ ತಮ್ಮ ಮಾತನ್ನು ತಾವೇ ಆಡುವ ಅಭ್ಯಾಸಕ್ಕೆ ಇದು ದೊಡ್ಡ ಹೆಜ್ಜೆ ಎಂದೇ ಎಣಿಸಬೇಕು.

ಉದ್ಯೋಗ ಖಾತರಿ ಕಾಯಿದೆ 2005ರಲ್ಲಿ ಬಂದ ಮೇಲೆ ಹಳ್ಳಿಯ ಕೂಲಿಗೂ ಮೊದಲ ಬಾರಿಗೆ ಒಂದು ಹಾಜರಿ ಪಟ್ಟಿ, ಒಂದು ಕಾರ್ಡು, ಬ್ಯಾಂಕಿಗೆ ನೇರ ಬಟವಾಡೆ ಸಿಕ್ಕಿತು. ಕೆರೆ ಹೂಳು ಎತ್ತಿದವಳ ಧಣಿ ಸರ್ಕಾರ ಎಂದು ಕಾಗದವೇ ಹೇಳಿತು. 2023ರ ಜನವರಿಯಿಂದ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿ, ದಿನಕ್ಕೆ ಎರಡು ಬಾರಿ ಫೋಟೋ ತೆಗೆದು ಹಾಕುವುದು ಕಡ್ಡಾಯವಾಯಿತು. ಕೆಲಸ ಬೇಗ ಮುಗಿದರೂ ಎರಡನೇ ಫೋಟೋಗೆ ಬಿಸಿಲಲ್ಲಿ ಕಾಯಬೇಕು, ನೆಟ್‌ವರ್ಕ್ ಕೈಕೊಟ್ಟರೆ ಆ ದಿನದ ಕೂಲಿಯೇ ಕೈತಪ್ಪಬಹುದು ಎಂದು ಕೂಲಿಕಾರರ ಸಂಘಟನೆಗಳು ರಾಜ್ಯದೆಲ್ಲೆಡೆ ಆಕ್ಷೇಪ ಎತ್ತಿದವು. 1930ರಲ್ಲಿ ಬೆರಳ ಗುರುತಿಗೆ ಎದ್ದ ತಕರಾರಿನ ಜೊತೆ ಇದನ್ನಿಟ್ಟು ನೋಡಬೇಕು. ಲೆಕ್ಕ ಬೇಡವೆಂದು ಆಗಲೂ ಯಾರೂ ಹೇಳಿರಲಿಲ್ಲ. ಲೆಕ್ಕದ ಪುಸ್ತಕ ಯಾರ ಕೈಯಲ್ಲಿರುತ್ತದೆ, ಅದರಲ್ಲಿ ತಪ್ಪು ಬಿದ್ದರೆ ತಿದ್ದುವವರು ಯಾರು ಎಂದು ಕೇಳಿದ್ದರು.

ಗಣಿಯ ಲೈನುಗಳಲ್ಲಿ ಉಳಿದ ಕುಟುಂಬಗಳಿಗೆ ಮನೆಗಳ ಹಕ್ಕುಪತ್ರದ ಪ್ರಶ್ನೆ ವರ್ಷಗಳ ಕಾಲ ಕಾಡಿತು. ಅವರ ಮನೆಗಳ ಹಿಂದೆ ನಿಂತಿರುವ ಸೈನೈಡ್ ದಿಬ್ಬಗಳಿಂದ, ಅಂದರೆ ಚಿನ್ನ ತೆಗೆದು ಉಳಿದ ಅದಿರಿನ ಪುಡಿಯ ರಾಶಿಗಳಿಂದ, ಗಾಳಿ ಬೀಸುವ ತಿಂಗಳಲ್ಲಿ ಬಿಳಿ ದೂಳು ಏಳುತ್ತದೆ. ಒಣಹಾಕಿದ ಬಟ್ಟೆ, ಮುಚ್ಚದ ಅನ್ನದ ಪಾತ್ರೆ ಎರಡರ ಮೇಲೂ ಕೂರುತ್ತದೆ. ಆ ದಿಬ್ಬಗಳಲ್ಲಿ ಇನ್ನೂ ಚಿನ್ನ ಇದೆ. 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಇಂಥ 13 ದಿಬ್ಬಗಳನ್ನು, ಸುಮಾರು ಸಾವಿರ ಎಕರೆ ಜಾಗವನ್ನು, ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಹರಾಜು ಪಡೆದವರು ಮೇಲ್ಮೈ ಅಗೆತಕ್ಕೆ ಜನರನ್ನು ಹೇಗೆ ತೆಗೆದುಕೊಳ್ಳುತ್ತಾರೆ, ಕಾಯಂ ಆಗಿಯೋ ಏಜೆನ್ಸಿಯ ಮೂಲಕವೋ, ದೂಳಿನ ತಪಾಸಣೆ ಯಾರ ಹೊಣೆ, ಹಳೆಯ ಗಣಿ ಕುಟುಂಬಗಳಿಗೆ ಕೆಲಸದಲ್ಲಿ ಮೊದಲ ಸರದಿ ಇದೆಯೇ ಎಂಬುದನ್ನು ಹರಾಜಿನ ಷರತ್ತುಗಳಲ್ಲೇ ಬರೆದಿಡಬೇಕು.